ವ್ಯವಹಾರದಲ್ಲಿ ಬಂಡವಾಳ ಹೆಚ್ಚಾಗಿದೆಯೇ? ಲೆಕ್ಕ ಹಾಕುವ ಬಗೆ, ಇಳಿಸುವ ದಾರಿ

ಬಂಡವಾಳ ಸಾಲದೆ ಬಾಗಿಲು ಹಾಕಿದ ಅಂಗಡಿ, ಕಾರ್ಖಾನೆಗಳ ಕಥೆ ಎಲ್ಲರಿಗೂ ಗೊತ್ತು. ಬಂಡವಾಳ ಹೆಚ್ಚಾಗಿ ಸೊರಗಿದ ವ್ಯವಹಾರದ ಮಾತನ್ನು ಎತ್ತುವವರು ಕಡಿಮೆ. ಅಲ್ಲಿ ಸಂಬಳ ನಿಲ್ಲುವುದಿಲ್ಲ, ಚೆಕ್ ಬೌನ್ಸ್ ಆಗುವುದಿಲ್ಲ, ಬ್ಯಾಂಕಿನವರು ಫೋನ್ ಮಾಡುವುದಿಲ್ಲ. ವರ್ಷದ ಕೊನೆಗೆ ಲಾಭವೂ ಕಾಣುತ್ತದೆ. ಹಾಕಿದ ಹಣಕ್ಕೆ ಆ ಲಾಭ ತಕ್ಕದ್ದೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ವಾಣಿಜ್ಯ ಓದಿದವರು ಇದನ್ನು ಅತಿಬಂಡವಾಳೀಕರಣ ಎಂಬ ಹೆಸರಿನಲ್ಲಿ ಪರೀಕ್ಷೆಗೆ ಬರೆದಿರುತ್ತಾರೆ. ಗಳಿಕೆ ಎಷ್ಟು ಬಂಡವಾಳವನ್ನು ಸಮರ್ಥಿಸುತ್ತದೆಯೋ ಅದಕ್ಕಿಂತ ಹೆಚ್ಚು ಹಣ ವ್ಯವಹಾರದಲ್ಲಿ ಕೂತಿದ್ದರೆ ಅದು ಅತಿಬಂಡವಾಳ. ಬ್ಯಾಂಕಿನಲ್ಲಿ ನಗದು ತುಂಬಿರಲೇಬೇಕೆಂದಿಲ್ಲ. ಕೈಯಲ್ಲಿ ಒಂದು ರೂಪಾಯಿ ಇಲ್ಲದೆ ಒದ್ದಾಡುವ ಘಟಕದಲ್ಲೂ ಬಂಡವಾಳ ಅತಿಯಾಗಿರಬಹುದು: ಅರ್ಧ ದಿನವಷ್ಟೇ ಓಡುವ ಯಂತ್ರದಲ್ಲಿ, ಎಂದೋ ಕೊಂಡು ಬಿಟ್ಟ ನಿವೇಶನದಲ್ಲಿ, ಮಾರಾಟವಾಗದ ಸ್ಟಾಕಿನಲ್ಲಿ ಅದು ಸಿಕ್ಕಿಕೊಂಡಿರುತ್ತದೆ. ಇಂಥ ಘಟಕದ ಮಾಲೀಕರು ದುಡ್ಡಿಲ್ಲವೆಂದು ಮತ್ತೊಂದು ಸಾಲ ಎತ್ತುತ್ತಾರೆ. ರೋಗ ಇನ್ನೊಂದು ಸುತ್ತು ಬೆಳೆಯುತ್ತದೆ.

ಸಣ್ಣ ಕಾರ್ಖಾನೆ, ಪಾಲುದಾರಿಕೆ ಸಂಸ್ಥೆ, ಮನೆಯವರೇ ಶೇರುದಾರರಾಗಿರುವ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುವವರಿಗಾಗಿ ಈ ಲೇಖನ. ಕಳೆದ ವರ್ಷದ ಬ್ಯಾಲೆನ್ಸ್ ಶೀಟ್, ಲಾಭ-ನಷ್ಟದ ಪಟ್ಟಿ ಮತ್ತು ಒಂದು ಕ್ಯಾಲ್ಕುಲೇಟರ್ ಮುಂದಿಟ್ಟುಕೊಂಡು ಓದಿದರೆ ಒಳ್ಳೆಯದು.

ಹಂತ 1: ನಿಜವಾಗಿ ಎಷ್ಟು ಹಣ ಕೂತಿದೆ?

ಮಾಲೀಕರ ಬಂಡವಾಳ, ವರ್ಷವರ್ಷವೂ ಹಂಚದೆ ಉಳಿಸಿಕೊಂಡ ಲಾಭ, ಮತ್ತು ದೀರ್ಘಾವಧಿ ಸಾಲ ಈ ಮೂರನ್ನೂ ಕೂಡಿ. ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಘಟಕವಿದೆ ಎಂದುಕೊಳ್ಳೋಣ. ಮಾಲೀಕರ ಹಣ ಮತ್ತು ಕೂಡಿಬಂದ ಲಾಭ ಸೇರಿ 2.20 ಕೋಟಿ ರೂಪಾಯಿ, ಟರ್ಮ್ ಲೋನ್ 80 ಲಕ್ಷ. ಒಟ್ಟು 3 ಕೋಟಿ.

ಆ ಹಣ ಯಾವ ಯಾವ ರೂಪದಲ್ಲಿದೆ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ನಮ್ಮ ಘಟಕದಲ್ಲಿ ಶೆಡ್ ಮತ್ತು ಯಂತ್ರ 110 ಲಕ್ಷ, ಮುಂದೆ ವಿಸ್ತರಿಸಲೆಂದು ಕೊಂಡ ಖಾಲಿ ನಿವೇಶನ 40 ಲಕ್ಷ, ಸ್ಟಾಕ್ 45 ಲಕ್ಷ, ಗಿರಾಕಿಗಳಿಂದ ಬರಬೇಕಾದ ಬಾಕಿ 75 ಲಕ್ಷ, ಎಫ್.ಡಿ. ಮತ್ತು ಬ್ಯಾಂಕ್ ಶಿಲ್ಕು 54 ಲಕ್ಷ. ಇದರಲ್ಲಿ ಕಾಗದ ಪೂರೈಸುವವರಿಗೆ ಕೊಡಬೇಕಾದ 24 ಲಕ್ಷ ಕಳೆದರೆ ಅದೇ 3 ಕೋಟಿ ಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಜಾಗದ ಬೆಲೆ ಪುಸ್ತಕದಲ್ಲಿ ಕೊಂಡ ದಿನದ್ದೇ ಇರುತ್ತದೆ. ಮೂವತ್ತು ವರ್ಷದ ಹಿಂದೆ ಕೆಲವು ಲಕ್ಷಕ್ಕೆ ಬಂದ ಜಾಗ ಇಂದು ಕೋಟಿಗಳಲ್ಲಿ ಬಾಳುತ್ತಿದ್ದರೆ, ಒಮ್ಮೆ ಇಂದಿನ ಬೆಲೆ ಹಾಕಿಯೂ ಲೆಕ್ಕ ಮಾಡಿ. ಹಲವು ಹಳೆಯ ಘಟಕಗಳ ಲಾಭ ಆ ಜಾಗದ ಬಾಡಿಗೆಗೂ ಸಮನಾಗಿರುವುದಿಲ್ಲ. ನೋಡಲು ಕಷ್ಟವಾದರೂ ಆ ಸಂಖ್ಯೆಯನ್ನು ನೋಡಲೇಬೇಕು.

ಎರಡನೆಯದು ಹಂಗಾಮಿನ ವ್ಯಾಪಾರಕ್ಕೆ ಸಂಬಂಧಿಸಿದ್ದು. ಬ್ಯಾಡಗಿಯ ಮೆಣಸಿನಕಾಯಿ ವರ್ತಕರ ಲೆಕ್ಕವನ್ನು ಮಾರ್ಚ್ 31ರಂದು ನೋಡಿದರೆ ಬಂಡವಾಳ ವಿಪರೀತ ಎನಿಸುತ್ತದೆ. ಆವಕ ಜೋರಾಗಿದ್ದ ತಿಂಗಳುಗಳಲ್ಲಿ ಕೊಂಡ ಮಾಲು ಶೀತಲಗೃಹದಲ್ಲಿ ಕೂತಿರುತ್ತದೆ, ಅಷ್ಟೇ. ಅಂಥವರು ಹನ್ನೆರಡು ತಿಂಗಳ ಕೊನೆಯ ಅಂಕಿಗಳ ಸರಾಸರಿ ತೆಗೆದು ಮುಂದುವರಿಯಬೇಕು.

ಹಂತ 2: ನಿಜವಾದ ಲಾಭ ಎಷ್ಟು?

ಬಡ್ಡಿ ಮತ್ತು ಆದಾಯ ತೆರಿಗೆಗೆ ಮುಂಚಿನ ಲಾಭ ತೆಗೆದುಕೊಳ್ಳಿ. ಅದಕ್ಕೂ ಮೊದಲು ಮಾಲೀಕರ ದುಡಿಮೆಗೆ ಸಂಬಳ ಹಾಕಿ. ಬೆಳಗ್ಗೆಯಿಂದ ರಾತ್ರಿಯವರೆಗೆ ಗಂಡ-ಹೆಂಡತಿ ಇಬ್ಬರೂ ದುಡಿದು, ಅದಕ್ಕೆ ಒಂದು ರೂಪಾಯಿಯನ್ನೂ ಖರ್ಚಾಗಿ ಬರೆಯದೆ ಲಾಭ ಬಂತು ಎನ್ನುವ ಲೆಕ್ಕಗಳು ನಮ್ಮಲ್ಲಿ ಬಹಳ. ಆ ಲಾಭದ ದೊಡ್ಡ ಪಾಲು ಕೂಲಿ. ಸ್ವಂತ ಕಟ್ಟಡವನ್ನು ಬಂಡವಾಳದಲ್ಲಿ ಸೇರಿಸದಿದ್ದರೆ ಅದರ ಬಾಡಿಗೆಯನ್ನೂ ಕಳೆಯಿರಿ.

ನಮ್ಮ ಘಟಕಕ್ಕೆ ಇದೆಲ್ಲ ಕಳೆದು ಉಳಿಯುವುದು 27 ಲಕ್ಷ. ಅದರಲ್ಲಿ ಸುಮಾರು 3.5 ಲಕ್ಷ ಎಫ್.ಡಿ. ಬಡ್ಡಿ. 3 ಕೋಟಿಗೆ 27 ಲಕ್ಷ ಎಂದರೆ ಶೇ 9. ಟರ್ಮ್ ಲೋನಿಗೆ ಬ್ಯಾಂಕ್ ತೆಗೆದುಕೊಳ್ಳುತ್ತಿರುವುದು ಶೇ 11. ಶೇ 11ಕ್ಕೆ ತಂದ ದುಡ್ಡು ಶೇ 9 ದುಡಿಯುತ್ತಿದೆ. ವರ್ಷಕ್ಕೆ 8.8 ಲಕ್ಷ ಬಡ್ಡಿ ಕಟ್ಟಿ ಉಳಿಯುವ 18.2 ಲಕ್ಷ, ಮಾಲೀಕರ 2.20 ಕೋಟಿಗೆ ಶೇ 8.3 ಮಾತ್ರ. ಇಷ್ಟು ತಲೆನೋವು ಹೊತ್ತು ಸಿಗುತ್ತಿರುವುದು ಎಫ್.ಡಿ.ಗಿಂತ ನೂರಕ್ಕೆ ಒಂದೂವರೆ ರೂಪಾಯಿಯಷ್ಟು ಹೆಚ್ಚು.

ಹಂತ 3: ಎಷ್ಟು ಬರಬೇಕಿತ್ತು?

ಎಲ್ಲ ವ್ಯವಹಾರಕ್ಕೂ ಸಲ್ಲುವ ಒಂದೇ ದರವಿಲ್ಲ. ಬ್ಯಾಂಕ್ ಠೇವಣಿಗೆ ಏನು ಸಿಗುತ್ತದೆಯೋ ಅದರಿಂದ ಶುರು ಮಾಡಿ, ನಿಮ್ಮ ಕಸುಬಿನ ಅಪಾಯಕ್ಕೆ ತಕ್ಕಂತೆ ಮೇಲೇರಿಸಿ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಘಟಕಕ್ಕೆ ಹೆಚ್ಚು, ನೂರಾರು ಗಿರಾಕಿಗಳಿರುವ ದಿನಸಿ ಅಂಗಡಿಗೆ ಕಡಿಮೆ. ಬ್ಯಾಂಕ್ ಸಾಲದ ಬಡ್ಡಿಗಿಂತ ಕೆಳಗಿನ ದರವನ್ನಂತೂ ಇಟ್ಟುಕೊಳ್ಳಬೇಡಿ. ಜಾಮೀನು ಹಿಡಿದು ಕೊಡುವ ಬ್ಯಾಂಕಿಗೆ ಶೇ 11 ಬೇಕಾದರೆ, ಯಾವ ಜಾಮೀನೂ ಇಲ್ಲದೆ ಹಣ ಹಾಕಿದ ನಿಮಗೆ ಅದಕ್ಕಿಂತ ಹೆಚ್ಚು ಬರಬೇಕು.

ನಮ್ಮ ಘಟಕಕ್ಕೆ ಶೇ 15 ಎಂದಿಡೋಣ. 27 ಲಕ್ಷ ಲಾಭ ಶೇ 15 ಆಗಬೇಕಾದರೆ ಬಂಡವಾಳ 1.80 ಕೋಟಿ ಇರಬೇಕು. ಇರುವುದು 3 ಕೋಟಿ. ಅಂತರ 1.20 ಕೋಟಿ.

ಈ 1.20 ಕೋಟಿಯೂ ಹೊರಗೆ ತೆಗೆಯಬಹುದಾದ ಹಣ ಎಂದು ತಿಳಿಯಬಾರದು. ಲಾಭ ಕಡಿಮೆಯಾಗಿದ್ದರೂ ಇದೇ ಅಂತರ ಕಾಣುತ್ತದೆ. ಬೆಲೆ ಕಡಿಮೆ ಹಾಕುತ್ತಿದ್ದೀರೋ, ವೇಸ್ಟೇಜ್ ಹೆಚ್ಚೋ, ಹಣವೇ ಹೆಚ್ಚೋ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳುವುದು ಮುಂದಿನ ಹಂತ.

ಹಂತ 4: ಯಾವ ಮೂಲೆಯಲ್ಲಿ ಕೂತಿದೆ?

ಇಡೀ ಕೆಲಸದ ಜೀವ ಇಲ್ಲಿದೆ, ನಿಧಾನವಾಗಿ ಮಾಡಿ.

ಮೊದಲು ಕಸುಬಿಗೆ ನೇರವಾಗಿ ಬೇಡದ್ದನ್ನು ಬೇರ್ಪಡಿಸಿ. ನಮ್ಮ ಘಟಕದಲ್ಲಿ ನಿವೇಶನದ 40 ಲಕ್ಷ, ಎಫ್.ಡಿ. ಮತ್ತು ಬ್ಯಾಂಕಿನ 54 ಲಕ್ಷ ಬಿಟ್ಟರೆ ಪೆಟ್ಟಿಗೆ ಮಾಡುವುದಕ್ಕೆ ತೊಡಗಿರುವುದು 206 ಲಕ್ಷ. ಎಫ್.ಡಿ. ಬಡ್ಡಿ ಬಿಟ್ಟ ಲಾಭ 23.5 ಲಕ್ಷ. ಅಂದರೆ ಕಸುಬು ಶೇ 11.4 ದುಡಿಯುತ್ತಿದೆ, ಪಕ್ಕದಲ್ಲಿ ಮಲಗಿರುವ ಹಣ ಅದನ್ನು ಶೇ 9ಕ್ಕೆ ಎಳೆದಿದೆ.

ಆಮೇಲೆ ಬಾಕಿ. ವಾರ್ಷಿಕ ಮಾರಾಟ 3.65 ಕೋಟಿ ಎಂದರೆ ದಿನಕ್ಕೆ ಒಂದು ಲಕ್ಷ. 75 ಲಕ್ಷ ಬಾಕಿ ಎಂದರೆ 75 ದಿನದ ಉದ್ರಿ. ಬಿಲ್ಲಿನ ಮೇಲೆ 45 ದಿನ ಎಂದು ಬರೆದಿದ್ದರೂ ದುಡ್ಡು ಬರುತ್ತಿರುವುದು 75 ದಿನಕ್ಕೆ. ಕೈಯಲ್ಲಿ ಹಣ ಸಾಕಷ್ಟಿದ್ದಾಗ ಆಗುವ ಮೊದಲ ಹಾನಿಯೇ ಇದು: ವಸೂಲಿಗೆ ಹೊರಡುವ ಅವಸರ ಯಾರಿಗೂ ಇರುವುದಿಲ್ಲ. ಬಡ್ಡಿಯಿಲ್ಲದೆ ನಿಮ್ಮಿಂದ ಸಾಲ ಪಡೆಯುತ್ತಿರುವ ಗಿರಾಕಿ ಬಹಳ ಸಲ ನಿಮಗಿಂತ ಹತ್ತು ಪಟ್ಟು ದೊಡ್ಡ ಕಂಪನಿಯಾಗಿರುತ್ತದೆ.

ಕಾನೂನು ಈ ವಿಷಯದಲ್ಲಿ ಸಣ್ಣ ಉತ್ಪಾದಕರ ಪರವಾಗಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023-24ರ ಲೆಕ್ಕವರ್ಷದಿಂದ, ಗಡುವು ಮೀರಿಸಿದ ಖರೀದಿದಾರರು ಆ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ತಮ್ಮ ಆದಾಯದಿಂದ ಖರ್ಚಾಗಿ ಕಳೆಯಬಹುದು. ದೊಡ್ಡ ಕಂಪನಿಗಳ ಲೆಕ್ಕಪತ್ರ ವಿಭಾಗದವರು ಈ ನಿಯಮಕ್ಕೆ ಕಿವಿಗೊಡುತ್ತಾರೆ. ಬಿಲ್ಲಿನ ಮೇಲೆ ನಿಮ್ಮ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಸಂಖ್ಯೆಯನ್ನು ಅಚ್ಚು ಹಾಕಿಸಿ, ಮಾರ್ಚ್ ಬರುವ ಮುಂಚೆ ಒಂದು ಪತ್ರ ಕಳುಹಿಸಿ. ಜಗಳವಾಡದೆ ಆಗುವ ವಸೂಲಿ ಇದು. 75 ದಿನವನ್ನು 50ಕ್ಕೆ ಇಳಿಸಿದರೆ 25 ಲಕ್ಷ ಬಿಡುಗಡೆಯಾಗುತ್ತದೆ.

ಸ್ಟಾಕಿಗೂ ಇದೇ ಲೆಕ್ಕ. ವರ್ಷದ ಕಚ್ಚಾ ಸಾಮಗ್ರಿ ಖರ್ಚು 2.19 ಕೋಟಿ, ದಿನಕ್ಕೆ 60 ಸಾವಿರ. 45 ಲಕ್ಷದ ಸ್ಟಾಕ್ 75 ದಿನಕ್ಕೆ ಸಾಲುತ್ತದೆ. ಗೋದಾಮಿಗೆ ನೀವೇ ಹೋಗಿ, ಆರು ತಿಂಗಳಿಂದ ಅಲುಗಾಡದ ರೀಲುಗಳ ಮೇಲೆ ಬಣ್ಣದ ಗುರುತು ಹಾಕಿ. ಹಣ ಹೆಚ್ಚಿದ್ದಾಗ ಬೆಲೆ ಏರಬಹುದೆಂದು ಒಟ್ಟಿಗೆ ಕೊಳ್ಳುವ ಆಸೆ ಹುಟ್ಟುತ್ತದೆ. ಅದು ಕಾಗದದ ಸಟ್ಟಾ ವ್ಯಾಪಾರ. 50 ದಿನಕ್ಕೆ ಇಳಿಸಿದರೆ 15 ಲಕ್ಷ ಹೊರಗೆ ಬರುತ್ತದೆ.

ಯಂತ್ರಕ್ಕೆ ಸಂಬಂಧಿಸಿ ಒಂದೇ ಪ್ರಶ್ನೆ: ವಾರಕ್ಕೆ ಎಷ್ಟು ಗಂಟೆ ಓಡುತ್ತದೆ? ಸಬ್ಸಿಡಿಯನ್ನು ಸ್ಥಿರ ಆಸ್ತಿಯ ಮೇಲಿನ ಹೂಡಿಕೆಗೆ ಜೋಡಿಸುವ ಯೋಜನೆಗಳು ಎಷ್ಟೋ ಜನರನ್ನು ಬೇಕಾದ್ದಕ್ಕಿಂತ ದೊಡ್ಡ ಯಂತ್ರದ ಕಡೆಗೆ ತಳ್ಳಿವೆ. ಶೇ 20 ಸಬ್ಸಿಡಿ ಸಿಕ್ಕಿತೆಂದು ಸಂತೋಷಪಟ್ಟವರು ಉಳಿದ ಶೇ 80 ತಮ್ಮದೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಕೊಂಡದ್ದು ಕೊಂಡಾಯಿತು. ಖಾಲಿ ಪಾಳಿಯಲ್ಲಿ ಬೇರೆಯವರಿಗೆ ಜಾಬ್ ವರ್ಕ್ ಮಾಡಿಕೊಡಲು ಸಾಧ್ಯವೇ ನೋಡಿ. ಆಗದಿದ್ದರೆ ಮಾರುವುದೇ ಮೇಲು.

ಖಾಲಿ ನಿವೇಶನವನ್ನು ಮುಂದಿನ ಎರಡು ವರ್ಷದಲ್ಲಿ ನಿಜಕ್ಕೂ ಬಳಸುವ ಯೋಜನೆ ಕಾಗದದ ಮೇಲೆ ಇದ್ದರೆ ಇರಲಿ. ಇಲ್ಲದಿದ್ದರೆ ಅದು ನಿಮ್ಮ ಕಾರ್ಖಾನೆಯ ಹೆಸರಿನಲ್ಲಿ ನಡೆಯುತ್ತಿರುವ ರಿಯಲ್ ಎಸ್ಟೇಟ್. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಾದ ಕೆಐಎಡಿಬಿಯಿಂದ ಬಂದ ಜಾಗವಾದರೆ ಹಂಚಿಕೆ ಪತ್ರವನ್ನೂ ಗುತ್ತಿಗೆ-ಮಾರಾಟ ಕರಾರನ್ನೂ ಓದದೆ ಯಾರೊಂದಿಗೂ ಮಾತು ಆಡಬೇಡಿ. ಯೋಜನೆ ಜಾರಿಯಾಗದ ಜಾಗವನ್ನು ಮನಸ್ಸಿಗೆ ಬಂದಂತೆ ಮಾರುವ ಹಾಗಿಲ್ಲ.

ಹಂತ 5: ಕಷ್ಟಕಾಲದ ಹಣವನ್ನು ಮೊದಲು ತೆಗೆದಿಡಿ

ಅತಿಬಂಡವಾಳ ಇಳಿಸುವ ಹುಮ್ಮಸ್ಸಿನಲ್ಲಿ ಗಲ್ಲಾಪೆಟ್ಟಿಗೆ ಬರಿದು ಮಾಡುವವರೂ ಇದ್ದಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಕೈಯಲ್ಲಿ ಮೂರು ತಿಂಗಳ ಖರ್ಚು ಇದ್ದವರು ಕಾರ್ಮಿಕರನ್ನು ಉಳಿಸಿಕೊಂಡರು, ಇಲ್ಲದವರು ಕಳೆದುಕೊಂಡರು. ಸಂಬಳ, ವಿದ್ಯುತ್, ಬಾಡಿಗೆ, ಕಂತು ಹೀಗೆ ಮಾರಾಟವೇ ಇಲ್ಲದಿದ್ದರೂ ತಪ್ಪದ ಖರ್ಚನ್ನು ಕೂಡಿ, ಕನಿಷ್ಠ ಮೂರು ತಿಂಗಳಿಗೆ ಗುಣಿಸಿ. ಒಬ್ಬ ಗಿರಾಕಿಯೇ ಅರ್ಧ ಮಾರಾಟ ಕೊಡುತ್ತಿದ್ದರೆ ಆರು ತಿಂಗಳಿಗೆ. ನಮ್ಮ ಘಟಕಕ್ಕೆ ತಿಂಗಳಿಗೆ 6 ಲಕ್ಷ, ಮೂರು ತಿಂಗಳಿಗೆ 18 ಲಕ್ಷ. 54 ಲಕ್ಷದಲ್ಲಿ ಅದನ್ನು ಮುಟ್ಟದೆ 36 ಲಕ್ಷ ತೆಗೆಯಬಹುದು.

ಈಗ ಒಟ್ಟು ನೋಡಿ: ಬಾಕಿಯಿಂದ 25, ಸ್ಟಾಕಿನಿಂದ 15, ನಿವೇಶನದಿಂದ 40, ನಗದಿನಿಂದ 36. ನಿವೇಶನ ಮಾರುವಾಗಿನ ತೆರಿಗೆ, ಖರ್ಚುಗಳನ್ನು ಸದ್ಯಕ್ಕೆ ಬದಿಗಿಟ್ಟರೆ 116 ಲಕ್ಷ.

ಹಂತ 6: ಹೊರಗೆ ಕಳುಹಿಸುವ ಕ್ರಮ

ಮೊದಲು ಬ್ಯಾಂಕ್ ಸಾಲ. 80 ಲಕ್ಷ ತೀರಿದರೆ ವರ್ಷಕ್ಕೆ 8.8 ಲಕ್ಷ ಬಡ್ಡಿ ನಿಲ್ಲುತ್ತದೆ. ಇಷ್ಟು ಖಚಿತವಾದ ಪ್ರತಿಫಲ ಬೇರೆ ಯಾವ ಹೂಡಿಕೆಯಲ್ಲೂ ಇಲ್ಲ. ಅವಧಿಗೆ ಮುಂಚೆ ಕಟ್ಟುವುದಕ್ಕೆ ಶುಲ್ಕವಿದೆಯೇ ಎಂದು ಮಂಜೂರಾತಿ ಪತ್ರದಲ್ಲಿ ನೋಡಿ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ, ಬದಲಾಗುವ ಬಡ್ಡಿದರದ ಸಾಲಗಳಿಗೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ವಾಣಿಜ್ಯ ಬ್ಯಾಂಕುಗಳು ಈ ಶುಲ್ಕ ವಸೂಲು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಟರ್ಮ್ ಲೋನ್ ತೀರಿಸಿ, ಆದರೆ ಸಿ.ಸಿ. (ಕ್ಯಾಶ್ ಕ್ರೆಡಿಟ್, ಬೇಕೆಂದಾಗ ಪಡೆದು ಕಟ್ಟುವ ಬ್ಯಾಂಕ್ ಸಾಲ) ಮಿತಿಯನ್ನು ರದ್ದು ಮಾಡಿಸಬೇಡಿ. ಬಳಸದ ಮಿತಿ ಕೈಯಲ್ಲಿದ್ದರೆ ಎಫ್.ಡಿ. ಕೂಡಿಡುವ ಭಯ ಕಡಿಮೆಯಾಗುತ್ತದೆ.

ನಂತರ ನಿರ್ದೇಶಕರು, ಮನೆಯವರು ಕಂಪನಿಗೆ ಕೊಟ್ಟ ಕೈಸಾಲ. ಕುಟುಂಬದ ಕಂಪನಿಗಳಲ್ಲಿ ಬಂಡವಾಳದ ದೊಡ್ಡ ಭಾಗ ಈ ರೂಪದಲ್ಲಿರುತ್ತದೆ. ಕೊಟ್ಟ ಅಸಲನ್ನು ವಾಪಸ್ ಪಡೆದರೆ ಅದು ಆದಾಯವಲ್ಲ, ತೆರಿಗೆಯೂ ಇಲ್ಲ. ಬ್ಯಾಂಕ್ ಮೂಲಕವೇ ಪಡೆಯಿರಿ, ನಗದು ಬೇಡ.

ಪಾಲುದಾರಿಕೆ ಸಂಸ್ಥೆಗೆ ಉಳಿದ ದಾರಿ ಸುಲಭ. ತೆರಿಗೆ ಕಟ್ಟಿದ ಲಾಭವನ್ನೂ ಬಂಡವಾಳವನ್ನೂ ಪಾಲುದಾರರು ತೆಗೆದುಕೊಳ್ಳಬಹುದು. ಒಬ್ಬರೇ ಹೆಚ್ಚು ತೆಗೆದರೆ ಪಾಲಿನ ಸಮತೋಲ ಕೆಡುತ್ತದೆ, ಆದ್ದರಿಂದ ಎಲ್ಲರ ಒಪ್ಪಿಗೆ ಬರಹದಲ್ಲಿರಲಿ.

ಪ್ರೈವೇಟ್ ಲಿಮಿಟೆಡ್ ಆದರೆ ಡಿವಿಡೆಂಡ್ (ಶೇರುದಾರರಿಗೆ ಹಂಚುವ ಲಾಭ), ಶೇರು ಮರುಖರೀದಿ (ಕಂಪನಿ ತನ್ನ ಶೇರುಗಳನ್ನೇ ಮರಳಿ ಕೊಳ್ಳುವುದು), ಬಂಡವಾಳ ಕಡಿತ (ಶೇರು ಬಂಡವಾಳವನ್ನೇ ಇಳಿಸುವುದು) ಎಂಬ ಮೂರು ಬಾಗಿಲುಗಳಿವೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಮೇಲಿನ ತೆರಿಗೆ ಪಡೆಯುವವರ ಹೆಗಲಿಗೆ ಬಂದಿದೆ. ಹೆಚ್ಚಿನ ದರದ ತೆರಿಗೆ ಕಟ್ಟುವ ಮಾಲೀಕರಿಗೆ ಇದು ದುಬಾರಿ. ಮರುಖರೀದಿಗೆ 2013ರ ಕಂಪನಿ ಕಾಯ್ದೆಯ 68ನೇ ಕಲಮು ಅನ್ವಯಿಸುತ್ತದೆ: ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲಿನ (ಡಿವಿಡೆಂಡ್ ಆಗಿ ಹಂಚಬಹುದಾದ ಕೂಡಿಟ್ಟ ಲಾಭದ) ಶೇ 25 ಮೀರುವಂತಿಲ್ಲ, ಶೇ 10ರವರೆಗೆ ಆಡಳಿತ ಮಂಡಳಿಯ ನಿರ್ಣಯ ಸಾಕು, ಅದಕ್ಕಿಂತ ಹೆಚ್ಚಾದರೆ ಶೇರುದಾರರ ವಿಶೇಷ ನಿರ್ಣಯ ಬೇಕು. ಮರುಖರೀದಿಯ ನಂತರ ಸಾಲ, ಬಂಡವಾಳ-ಮೀಸಲಿನ ಎರಡು ಪಟ್ಟು ದಾಟಬಾರದು. ಒಂದು ಮರುಖರೀದಿಗೂ ಇನ್ನೊಂದಕ್ಕೂ ನಡುವೆ ಒಂದು ವರ್ಷ ಕಳೆಯಬೇಕು. ಮರುಖರೀದಿಯ ಮೇಲಿನ ತೆರಿಗೆಯನ್ನು ಸರ್ಕಾರ ಈಚೆಗೆ ಬದಲಿಸುತ್ತ ಬಂದಿದೆ. 2024ರ ಅಕ್ಟೋಬರ್ 1ಕ್ಕೆ ಮುಂಚೆ ಕಂಪನಿಯೇ ಕಟ್ಟುತ್ತಿದ್ದ ತೆರಿಗೆ ಅಂದಿನಿಂದ ಶೇರುದಾರರ ಪಾಲಿಗೆ ಬಂತು. ನಿರ್ಣಯ ಬರೆಯುವ ಮುಂಚೆ ಆ ವರ್ಷದ ನಿಯಮವನ್ನು ಆಡಿಟರ್ ಬಳಿ ಕೇಳಿ. ಬಂಡವಾಳ ಕಡಿತಕ್ಕೆ ಕಂಪನಿ ವಿಷಯಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ಅನುಮತಿ ಬೇಕು. ಸಣ್ಣ ಕಂಪನಿಗೆ ಅದರ ಖರ್ಚು, ಕಾಲ ಎರಡೂ ಭಾರ.

ಇವೆಲ್ಲವನ್ನು ತಪ್ಪಿಸಲು ಕಂಪನಿಯಿಂದ ತಾವೇ ಸಾಲ ಪಡೆಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಲಾಭ ಕೂಡಿಟ್ಟ ಕಂಪನಿ ತನ್ನ ಪ್ರಮುಖ ಶೇರುದಾರರಿಗೆ ಕೊಟ್ಟ ಸಾಲವನ್ನು ಆದಾಯ ತೆರಿಗೆ ಕಾನೂನು ಡಿವಿಡೆಂಡ್ ಎಂದೇ ಪರಿಗಣಿಸುತ್ತದೆ, ನಿರ್ದೇಶಕರಿಗೆ ಸಾಲ ಕೊಡುವುದಕ್ಕೆ ಕಂಪನಿ ಕಾಯ್ದೆಯ ನಿರ್ಬಂಧವೂ ಇದೆ.

ನಮ್ಮ ಘಟಕದಲ್ಲಿ 80 ಲಕ್ಷ ಬ್ಯಾಂಕಿಗೆ, 36 ಲಕ್ಷ ಮಾಲೀಕರಿಗೆ ಹೋಯಿತು. ಉಳಿದ ಬಂಡವಾಳ 184 ಲಕ್ಷ. ಕೈಬಿಟ್ಟ ಎಫ್.ಡಿ.ಯ ಬಡ್ಡಿ ಕಳೆದು ಲಾಭ ಸುಮಾರು 24.5 ಲಕ್ಷ. ಮಾಲೀಕರ ಹಣದ ಮೇಲಿನ ಗಳಿಕೆ ಶೇ 8.3ರಿಂದ ಶೇ 13.3ಕ್ಕೆ ಬಂತು. ಒಂದು ಪೆಟ್ಟಿಗೆಯನ್ನೂ ಹೆಚ್ಚು ಮಾರಿಲ್ಲ. ಶೇ 15 ಮುಟ್ಟಲು ಇನ್ನು ಉಳಿದ ದೂರವನ್ನು ಬೆಲೆ ಮತ್ತು ವೇಸ್ಟೇಜ್ ಕಡೆಯಿಂದಲೇ ಕ್ರಮಿಸಬೇಕು. ಇಷ್ಟು ದಿನ ಹಣದ ಮರೆಯಲ್ಲಿದ್ದ ಆ ತೊಂದರೆ ಈಗ ಕಣ್ಣೆದುರು ಬಂದಿದೆ. ಈ ಕೆಲಸದಿಂದ ಸಿಗುವ ದೊಡ್ಡ ಲಾಭ ಅದೇ ಎಂದು ನಾನು ನಂಬುತ್ತೇನೆ.

ಹಂತ 7: ಮತ್ತೆ ತುಂಬಿಕೊಳ್ಳದಂತೆ ನಿಯಮ ಬರೆದಿಡಿ

ಈ ಪ್ರಶ್ನೆ ಸಣ್ಣವರಿಗೆ ಮಾತ್ರ ಬರುವುದಲ್ಲ. ಸಾಲವೇ ಇಲ್ಲದ ಇನ್ಫೋಸಿಸ್ ಬಳಿ ವರ್ಷಗಟ್ಟಲೆ ನಗದು ಬೆಳೆಯುತ್ತ ಹೋಯಿತು. ಅದನ್ನು ಶೇರುದಾರರಿಗೆ ಮರಳಿಸಿ ಎಂಬ ಒತ್ತಾಯ ಕಂಪನಿಯ ಮಾಜಿ ಹಣಕಾಸು ಮುಖ್ಯಸ್ಥರಿಂದಲೇ ಬಂತು. 2017ರಲ್ಲಿ ಕಂಪನಿ ತನ್ನ ಮೊದಲ ಮರುಖರೀದಿ ಮಾಡಿತು: ಶೇರಿಗೆ 1,150 ರೂಪಾಯಿಯಂತೆ 13,000 ಕೋಟಿ. ಅಷ್ಟಕ್ಕೇ ನಿಲ್ಲಿಸದೆ, 2019-20ರಿಂದ ಐದು ವರ್ಷಗಳ ಅವಧಿಯಲ್ಲಿ ಮುಕ್ತ ನಗದು ಹರಿವಿನ (ಖರ್ಚು, ಆಸ್ತಿ ಖರೀದಿ ಕಳೆದು ಕೈಯಲ್ಲಿ ಉಳಿಯುವ ಹಣದ) ಸುಮಾರು ಶೇ 85ನ್ನು ಮರಳಿಸುತ್ತೇವೆ ಎಂದು ನೀತಿಯನ್ನೇ ಪ್ರಕಟಿಸಿತು. 2025ರಲ್ಲಿ ಶೇರಿಗೆ 1,800ರಂತೆ 18,000 ಕೋಟಿಯ ಮರುಖರೀದಿ ಬಂತು. ಮೊತ್ತಕ್ಕಿಂತ ನನಗೆ ಮುಖ್ಯವೆನಿಸುವುದು ಆ ನೀತಿ. ಹಣ ಕೈಗೆ ಬರುವ ಮುಂಚೆಯೇ ಅದರಲ್ಲಿ ಎಷ್ಟು ಹೊರಗೆ ಹೋಗಬೇಕೆಂದು ತೀರ್ಮಾನಿಸಿದರೆ, ಬಂದ ಮೇಲೆ ಚರ್ಚೆಗೆ ಎಡೆಯಿಲ್ಲ.

ಅದೇ ಬೆಂಗಳೂರಿನ, ಆನ್‌ಲೈನ್ ಪಾಠ ಮಾರುತ್ತಿದ್ದ ಬೈಜೂಸ್ ಕಂಪನಿಗೆ ಹೊರಗಿನ ಬಂಡವಾಳ ಹರಿದು ಬಂತು. 2020 ಮತ್ತು 2021ರಲ್ಲಿ ವೈಟ್‌ಹ್ಯಾಟ್ ಜೂನಿಯರ್, ಆಕಾಶ್, ಗ್ರೇಟ್ ಲರ್ನಿಂಗ್ ಸಂಸ್ಥೆಗಳನ್ನು ಒಂದರ ಹಿಂದೆ ಒಂದರಂತೆ ಕೊಂಡಿತು, 2021ರ ನವೆಂಬರ್‌ನಲ್ಲಿ 120 ಕೋಟಿ ಡಾಲರ್ ಸಾಲ ಎತ್ತಿತು, 2022ರಲ್ಲಿ ಅದರ ಮೌಲ್ಯವನ್ನು 2,200 ಕೋಟಿ ಡಾಲರ್ ಎಂದು ಕಟ್ಟಲಾಗಿತ್ತು. 2024ರ ಜುಲೈನಲ್ಲಿ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠ ಅದರ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭಿಸಲು ಆದೇಶಿಸಿತು. ಅಲ್ಲಿ ಕಾರಣಗಳು ಹಲವು. ಆದರೂ ಹೊಸ ಹೂಡಿಕೆದಾರರ ಮುಂದೆ ಕೂರುವವರು ಒಂದು ಪ್ರಶ್ನೆಯನ್ನು ಇಲ್ಲಿಂದ ತೆಗೆದುಕೊಳ್ಳಬಹುದು: ಈ ಹಣ ಬಂದ ಮೊದಲ ಹನ್ನೆರಡು ತಿಂಗಳಲ್ಲಿ ಯಾವ ಕೆಲಸಕ್ಕೆ, ಎಷ್ಟು, ಯಾವಾಗ? ಉತ್ತರ ಅರ್ಧ ಹಾಳೆಯಲ್ಲಿ ಬರೆಯಲು ಬಾರದಿದ್ದರೆ ಅಷ್ಟು ಹಣ ಬೇಡ.

ನಿಮ್ಮ ನಿಯಮಕ್ಕೂ ಅರ್ಧ ಹಾಳೆ ಸಾಕು. ತಿಂಗಳ ಖರ್ಚಿನ ಎಷ್ಟು ಪಟ್ಟು ನಗದು ಇಟ್ಟುಕೊಳ್ಳುತ್ತೇವೆ, ಬಾಕಿ ಮತ್ತು ಸ್ಟಾಕ್ ಎಷ್ಟು ದಿನ ಮೀರಬಾರದು, ಯಂತ್ರ ಕೊಳ್ಳುವ ಮುಂಚೆ ಎಷ್ಟು ಗಂಟೆಯ ಕೆಲಸ ಕೈಯಲ್ಲಿರಬೇಕು, ಇವೆಲ್ಲ ಮೀರಿದ ಹಣ ಯಾರಿಗೆ ಯಾವ ಕ್ರಮದಲ್ಲಿ ಹೋಗುತ್ತದೆ. ಪಾಲುದಾರರು ಅದಕ್ಕೆ ಸಹಿ ಹಾಕಲಿ. ಮುಂದೆ ದೊಡ್ಡ ಆರ್ಡರ್ ಬಂದಾಗ ತೆಗೆದ ಹಣವನ್ನು ಯಾರು ಯಾವ ಪ್ರಮಾಣದಲ್ಲಿ ಮರಳಿ ತರಬೇಕು ಎಂಬ ಸಾಲನ್ನೂ ಸೇರಿಸಿ. ಅಣ್ಣತಮ್ಮಂದಿರ ಸಂಸ್ಥೆಗಳಲ್ಲಿ ಜಗಳ ಹುಟ್ಟುವುದು ಆ ಒಂದು ಸಾಲು ಇಲ್ಲದಾಗ. ಮೇಲಿನ ಲೆಕ್ಕವನ್ನು ವರ್ಷಕ್ಕೊಮ್ಮೆ, ಹಳೆಯ ವರ್ಷದ ಅಂಕಿಗಳು ಕೈಸೇರಿದ ಕೂಡಲೇ, ಹೊಸ ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಮಾಡಿ.